ರೆಪೊ ದರಕ್ಕೆ ಜೋಡಿಸಿದ ಓವರ್‌ಡ್ರಾಫ್ಟ್: ನಾಲ್ಕು ವರ್ಷ ಬಳಸಿದ ಮೇಲೆ

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ನಮ್ಮ ಸಣ್ಣ ಘಟಕಕ್ಕೆ 40 ಲಕ್ಷ ರೂಪಾಯಿ ಮಿತಿಯ, ತೆಗೆದಷ್ಟು ಹಣಕ್ಕೆ ಮಾತ್ರ ಬಡ್ಡಿ ಕಟ್ಟುವ ಓವರ್‌ಡ್ರಾಫ್ಟ್ ಇತ್ತು. 2019ರ ಫೆಬ್ರುವರಿಯಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿ) ಶೇ 6.50ರಿಂದ ಶೇ 5.40ಕ್ಕೆ ಇಳಿಸಿದರೂ, ಎಂಸಿಎಲ್‌ಆರ್ (ಬ್ಯಾಂಕು ತನ್ನ ಹಣದ ವೆಚ್ಚ ನೋಡಿ ತಾನೇ ನಿಗದಿಪಡಿಸುವ ದರ) ಆಧಾರದ ನಮ್ಮ ಖಾತೆಗೆ ಅದರ ಗಾಳಿಯೂ ಸೋಕಲಿಲ್ಲ. ಇದು ನಮ್ಮೊಬ್ಬರ ಪಾಡಾಗಿರಲಿಲ್ಲ. ಆ ಅವಧಿಯಲ್ಲಿ ಹೊಸ ಸಾಲಗಳ ಸರಾಸರಿ ಬಡ್ಡಿದರ ಇಳಿದದ್ದು ಶೇಕಡಾ 0.29 ಅಂಶ ಮಾತ್ರ ಎಂದು ರಿಸರ್ವ್ ಬ್ಯಾಂಕೇ ಹೇಳಿತ್ತು. ಅಕ್ಟೋಬರ್ 1ರಿಂದ ಸಣ್ಣ ಉದ್ದಿಮೆಗಳ ಹೊಸ ಚರ ಬಡ್ಡಿ ಸಾಲಗಳನ್ನು ರೆಪೊದಂತಹ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಯಿತು. ನವೆಂಬರಿನಲ್ಲಿ ನಾವೂ ಹೊಸ ವ್ಯವಸ್ಥೆಗೆ ಬದಲಾದೆವು.

ಸೇವೆಯ ಬಗ್ಗೆ ನನಗೆ ದೂರಿಲ್ಲ. ಆಗಿನ ರೆಪೊ 5.15, ಅದರ ಮೇಲೆ ಬ್ಯಾಂಕಿನದು 4, ಒಟ್ಟು ಶೇ 9.15 ಬಡ್ಡಿ. 2020ರ ಮೇ ತಿಂಗಳಲ್ಲಿ ರೆಪೊ ಶೇ 4ಕ್ಕೆ ಇಳಿದ ಮೇಲೆ, ನಾವು ಅರ್ಜಿ ಕೊಡದೆ, ಶಾಖೆಗೆ ಅಲೆಯದೆ, ಮುಂದಿನ ತ್ರೈಮಾಸಿಕ ಪರಿಷ್ಕರಣೆಯಲ್ಲೇ ನಮ್ಮ ಬಡ್ಡಿ ಶೇ 8 ಆಯಿತು.

ಆದರೆ ಅಷ್ಟು ಅಗ್ಗವಾದ ಹಣವನ್ನು ತೆಗೆದುಕೊಂಡು ಮಾಡುವುದೇನು? ವಾಹನ ಕಂಪನಿಗಳು 2019ರಲ್ಲೇ ಉತ್ಪಾದನೆ ತಗ್ಗಿಸಿದ್ದವು, ಬಳಿಕ ಲಾಕ್‌ಡೌನ್ ಬಂತು, ನಮ್ಮ ಆರು ಲೇತ್‌ಗಳಲ್ಲಿ ನಾಲ್ಕು ನಿಂತೇ ಇದ್ದವು. ಮಿತಿಯನ್ನು ಪೂರ್ತಿ ಬಳಸಿದ್ದರೂ ಈ ಇಳಿಕೆಯಿಂದ ತಿಂಗಳಿಗೆ ಉಳಿಯುತ್ತಿದ್ದದ್ದು ಸುಮಾರು 3,800 ರೂಪಾಯಿ, ಅಂದರೆ ಒಬ್ಬ ಆಪರೇಟರಿನ ವಾರದ ಸಂಬಳ. ಆರ್ಡರ್ ಇಲ್ಲದೆ ಕಬ್ಬಿಣ ಕೊಳ್ಳುವ ಪ್ರಮೇಯವೇ ಇಲ್ಲದ್ದರಿಂದ ನಾವು ಬಳಸಿದ್ದು ಕಾಲು ಭಾಗವೂ ಅಲ್ಲ, ಉಳಿತಾಯವೂ ಅದಕ್ಕೆ ತಕ್ಕಷ್ಟೇ. ಅದೇ ಶಾಖೆಯಲ್ಲಿ ನಮ್ಮ ತಾಯಿಯವರ ನಿಶ್ಚಿತ ಠೇವಣಿ ಆ ವರ್ಷ ನವೀಕರಣವಾದಾಗ ಬಡ್ಡಿ ಕಡಿಮೆಯಾಗಿ, ಅವರು ಮನೆಖರ್ಚಿನಲ್ಲಿ ಕೈ ಬಿಗಿಹಿಡಿದರು. ನನಗೆ ಸಾಲ ಅಗ್ಗವಾದ ಕಾರಣಕ್ಕೇ ಅವರು ಅಂಗಡಿಗೆ ಹೋಗುವುದು ಕಡಿಮೆಯಾಯಿತು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ರೆಪೊ ಏರುವಾಗಲೂ ಈ ಖಾತೆ ಅಷ್ಟೇ ಚುರುಕು ಎಂಬುದನ್ನು ಬದಲಾಯಿಸಿಕೊಳ್ಳುವವರು ತಿಳಿದಿರಬೇಕು. 2022ರ ಮೇ ತಿಂಗಳಿಂದ ಮುಂದಿನ ಫೆಬ್ರುವರಿಯೊಳಗೆ ರೆಪೊ 6.50ಕ್ಕೆ ಮರಳಿ, ನಮ್ಮ ಬಡ್ಡಿ ಶೇ 10.50 ತಲುಪಿತು. ಅಷ್ಟರಲ್ಲಿ ಆರ್ಡರುಗಳು ತುಂಬಿ ಎರಡು ಶಿಫ್ಟ್ ನಡೆಯುತ್ತಿತ್ತು. ಶೇ 8ಕ್ಕೆ ಬೇಡವೆಂದು ಬಿಟ್ಟಿದ್ದ ಹಣವನ್ನು ಆಗ ಪೂರ್ತಿ ಬಳಸಿಕೊಂಡು, ಮಿತಿಯನ್ನು 60 ಲಕ್ಷಕ್ಕೆ ಏರಿಸಲು ನಾವೇ ಅರ್ಜಿ ಕೊಟ್ಟೆವು.