ಕಾಲ್‌ಕ್ರಿಮ್ ಓದಬೇಕೋ, ಕಾಲ್‌ಜಿಕ್ ಓದಬೇಕೋ?

ಕ್ಯಾಲಿಫೋರ್ನಿಯಾದ ಕ್ರಿಮಿನಲ್ ಕಾನೂನು ಓದಲು ಹೊರಟವರು ಕೇಳುವ ಪ್ರಶ್ನೆ ಇದು. ಎರಡೂ ಜಡ್ಜ್ ಜ್ಯೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಧರಿಸುವ ಸಾಮಾನ್ಯ ಜನರ ತಂಡಕ್ಕೆ, ಓದಿ ಹೇಳುವ ಸೂಚನೆಗಳ ಸಂಗ್ರಹಗಳೇ. ಕಾಲ್‌ಜಿಕ್ 1940ರ ದಶಕದ್ದು, ವಕೀಲರ ಭಾಷೆ, ದುಡ್ಡು ಕೊಟ್ಟು ಕೊಳ್ಳಬೇಕು. ಕಾಲ್‌ಕ್ರಿಮ್ 2006ರಿಂದ ಜಾರಿಯಲ್ಲಿದೆ. ಕೋರ್ಟ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ನನ್ನ ಓಟು ಕಾಲ್‌ಕ್ರಿಮ್‌ಗೆ, ಅದರ ಭಾಷೆ ಸರಳ. ಆತ್ಮರಕ್ಷಣೆಯನ್ನೇ ನೋಡಿ. 505ನೇ ಸೂಚನೆ ಪ್ರಕಾರ, ಈಗಲೇ ಜೀವ ಹೋಗುವ ಇಲ್ಲವೇ ಮೈಗೆ ಭಾರೀ ಗಾಯವಾಗುವ ಅಪಾಯವಿದೆ ಎಂದು ಆರೋಪಿ ನಂಬಿರಬೇಕು. ಆ ನಂಬಿಕೆಗೆ ತಕ್ಕ ಕಾರಣ ಇರಬೇಕು. ಬೇಕಾದ್ದಕ್ಕಿಂತ ಜಾಸ್ತಿ ಬಲ ಬಳಸಿರಬಾರದು. ಹಾಗಿದ್ದರೆ ಕೊಂದದ್ದು ಅಪರಾಧವೇ ಅಲ್ಲ. ನಿಜವಾಗಿಯೂ ನಂಬಿದ್ದ, ಆದರೆ ತಕ್ಕ ಕಾರಣ ಇರಲಿಲ್ಲ ಅಂದರೆ? ಆಗ 571ನೇ ಸೂಚನೆ ಬರುತ್ತದೆ. ಮರ್ಡರ್ ಹೋಗಿ ವಾಲಂಟರಿ ಮ್ಯಾನ್‌ಸ್ಲಾಟರ್, ಅಂದರೆ ಅದಕ್ಕಿಂತ ಕಡಿಮೆ ಶಿಕ್ಷೆಯ ನರಹತ್ಯೆ ಅಪರಾಧ, ಆಗುತ್ತದೆ. ಮನಸ್ಸಿನೊಳಗಿನ ಒಂದು ನಂಬಿಕೆ ಮೇಲೆ ಎಷ್ಟು ವರ್ಷದ ಜೈಲು ನಿಂತಿದೆ, ಅಲ್ವಾ? ರುಜುವಾತಿನ ಭಾರ ಮಾತ್ರ ಪ್ರಾಸಿಕ್ಯೂಷನ್ ಮೇಲೆಯೇ. ಅದು ಆತ್ಮರಕ್ಷಣೆ ಅಲ್ಲ ಎಂದು ಅವರೇ ಸಕಾರಣ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು.

ಹಾಗಂತ ಕಾಲ್‌ಜಿಕ್ ಮೂಲೆಗೆ ಎಸೆಯಬೇಡಿ. 2006ಕ್ಕಿಂತ ಹಿಂದಿನ ಅಪೀಲು ತೀರ್ಪುಗಳಲ್ಲಿ ಅದರ ನಂಬರುಗಳೇ ಕಾಣುತ್ತವೆ. ಅಂಥ ಕೇಸು ಓದುವಾಗ ಲೈಬ್ರರಿಯಲ್ಲಿ ತೆರೆದರೆ ಸಾಕು. ಸುಮ್ನೆ ದುಡ್ಡು ಸುರಿಯಬೇಡಿ.