ರಾತ್ರಿ ಮೆರವಣಿಗೆಗೆ 25 ವ್ಯಾಟಿನ ಮೆಗಾಫೋನ್: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ

ಹೆಣ್ಣುಮಕ್ಕಳ ಸುರಕ್ಷತೆಗಾಗಿ ರಾತ್ರಿ ಮೆರವಣಿಗೆ ಹೊರಡಿಸುವವರು ಮೆಗಾಫೋನ್ ಕೊಳ್ಳುವಾಗ ಮೊದಲು ಕೇಳುವುದು ಎಷ್ಟು ವ್ಯಾಟ್ ಎಂದು. ಕೇಳಬೇಕಾದ್ದು ಬೇರೆ: ಮೈಕ್ ಪ್ರತ್ಯೇಕವಾಗಿದೆಯೇ, ಸೈರನ್ ಗುಂಡಿ ಎಲ್ಲಿದೆ, ಕತ್ತಲಲ್ಲಿ ಸೆಲ್ ಬದಲಾಯಿಸಲು ಬರುತ್ತದೆಯೇ. ಇಲ್ಲಿ ಪರಿಶೀಲಿಸಿರುವುದು ಹೆಗಲಿಗೆ ತೂಗುಹಾಕುವ, ಸುರುಳಿ ವೈರಿನ ಕೈಮೈಕ್ ಇರುವ, ಸಿ ಸೈಜಿನ ಎಂಟು ಸೆಲ್ ಹಿಡಿಯುವ 25 ವ್ಯಾಟಿನ ಮಾದರಿಯನ್ನು. ಇನ್ನೂರು ಮುನ್ನೂರು ಜನರ ಮೆರವಣಿಗೆಗೆ ಇದು ಸಾಕು. 50 ವ್ಯಾಟ್ ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ, ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಕಷ್ಟ, ಹೆಗಲಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಮೈಕ್ ಪ್ರತ್ಯೇಕ ಇರಲೇಬೇಕು ಎನ್ನುವುದಕ್ಕೆ ಕಾರಣ ರಸ್ತೆ. ಹಿಡಿಯ ಹಿಂಭಾಗದಲ್ಲೇ ಮೈಕ್ ಕೂರಿಸಿದ ಮಾದರಿಯಲ್ಲಿ ಬಾಯಿ ಯಾವ ಕಡೆಗೋ ಹಾರ್ನ್ ಅದೇ ಕಡೆಗೆ. ಘೋಷಣೆ ಕೂಗುವವರು ಜನರತ್ತ ಮುಖ ಮಾಡಿ ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಹಗಲಲ್ಲೇ ಅದು ಸರಿಯಲ್ಲ. ರಾತ್ರಿಯಾದರೆ ಗುಂಡಿ, ರಸ್ತೆಯುಬ್ಬು, ತೆರೆದ ಚರಂಡಿ ಯಾವುದೂ ಕಾಣದೆ ಬೀಳುತ್ತಾರೆ. ಮೈಕ್ ಕೈಗೆ ಬಂದರೆ ಹಾರ್ನನ್ನು ಹೆಗಲ ಹಿಂದಕ್ಕೆ ತಿರುಗಿಸಿಕೊಂಡು, ಮುಂದೆ ನೋಡುತ್ತಲೇ ನಡೆದು ಕೂಗಬಹುದು.

ಆದರೆ ಹಿಂದಕ್ಕೆ ತಿರುಗಿಸಿದ ಹಾರ್ನ್ ನೇರವಾಗಿ ಮೊದಲ ಸಾಲಿನವರ ಕಿವಿಗೆ ಬಡಿಯುತ್ತದೆ. ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. 100 ಡೆಸಿಬೆಲ್ ಸದ್ದಿಗೆ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಕಿವಿಯೊಡ್ಡಬಾರದು ಎನ್ನುತ್ತಾರೆ ಶ್ರವಣತಜ್ಞರು. ಮೆಗಾಫೋನಿನ ಬಾಯಿಯ ಹತ್ತಿರ ಸದ್ದು ಅದನ್ನೂ ಮೀರುತ್ತದೆ. ಆದ್ದರಿಂದ ಬ್ಯಾನರ್ ಹಿಡಿದವರು ಮುಂದೆ, ಅವರ ಹಿಂದೆ ಕೂಗುವವರು, ಆಮೇಲೆ ನಾಲ್ಕು ಮೀಟರ್ ಖಾಲಿ ಜಾಗ, ಅದರ ಹಿಂದೆ ಜನ. ದೂರ ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ, ಅಂದರೆ ಒಂದು ಮೀಟರಿನಲ್ಲಿ ಇದ್ದುದಕ್ಕಿಂತ ನಾಲ್ಕು ಮೀಟರಿನಲ್ಲಿ ಹನ್ನೆರಡು ಕಡಿಮೆ. ಜೊತೆಗೆ ಹಾರ್ನನ್ನು ತುಸು ಮೇಲಕ್ಕೆ ಎತ್ತಿ ಕಟ್ಟಿ, ಸದ್ದು ಮುಂದಿನ ಸಾಲುಗಳ ತಲೆಯ ಮೇಲಿಂದ ದಾಟಲಿ. ಮಕ್ಕಳನ್ನು ಎತ್ತಿಕೊಂಡು ಬಂದವರನ್ನು ನಡುವಿನ ಸಾಲುಗಳಿಗೆ ಕಳಿಸಿ.

ಹೆಂಗಸರ ದನಿಗೆ ಈ ಸಾಧನ ಚೆನ್ನಾಗಿ ಒಗ್ಗುತ್ತದೆ. ಸಣ್ಣ ಹಾರ್ನ್ ತಗ್ಗು ಸ್ವರಗಳನ್ನು ಬಹುಪಾಲು ನುಂಗಿಬಿಡುತ್ತದೆ, ಮಾತು ಸ್ಪಷ್ಟವಾಗಲು ಬೇಕಾದ ಮೇಲಿನ ಸ್ವರಗಳನ್ನು ಎತ್ತಿ ಕೊಡುತ್ತದೆ. ಗಂಡಸಿನ ತಗ್ಗಿನ ದನಿ ಅಲ್ಲಿ ಸೊರಗುವಷ್ಟು ಹೆಣ್ಣಿನ ದನಿ ಸೊರಗುವುದಿಲ್ಲ. ಇದು ಸಣ್ಣ ಮಾತಲ್ಲ. 1977ರ ನವೆಂಬರ್ 12ರ ರಾತ್ರಿ ಲೀಡ್ಸ್ ಮತ್ತು ಇಂಗ್ಲೆಂಡಿನ ಬೇರೆ ಊರುಗಳಲ್ಲಿ ಹೆಂಗಸರು ಬೀದಿಗಿಳಿದದ್ದು ಸರಣಿ ಕೊಲೆಗಳ ಕಾಲದಲ್ಲಿ, ಕತ್ತಲಾದ ಮೇಲೆ ಹೊರಗೆ ಬರಬೇಡಿ ಎಂದು ಹೆಂಗಸರಿಗೇ ಬುದ್ಧಿ ಹೇಳಿದ್ದರ ವಿರುದ್ಧ. ರಾತ್ರಿಯ ಬೀದಿಯಲ್ಲಿ ಅವರ ದನಿ ಕೇಳಿಸಬೇಕು ಎಂಬುದೇ ಇಂಥ ನಡಿಗೆಯ ಉದ್ದೇಶ. ಮೈಕನ್ನು ಗಂಡಸರ ಕೈಗೆ ಕೊಟ್ಟು ಹಿಂದೆ ನಡೆಯುವುದರಲ್ಲಿ ಅರ್ಥವಿಲ್ಲ. ಕಿರುಚಲೂ ಬೇಡ. ಮೈಕನ್ನು ತುಟಿಯಿಂದ ಎರಡು ಬೆರಳಗಲ ದೂರ, ಸ್ವಲ್ಪ ಓರೆಯಾಗಿ ಹಿಡಿದು ಮಾಮೂಲಿಗಿಂತ ತುಸು ಗಟ್ಟಿಯಾಗಿ ಹೇಳಿದರೆ ಸಾಕು. ನೇರ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಡಬ್ ಡಬ್ ಎನ್ನುತ್ತದೆ.

ಘೋಷಣೆ ಚಿಕ್ಕದಿರಲಿ. ನಾಲ್ವರ ಸಾಲಿನಲ್ಲಿ 300 ಜನ ನಡೆದರೆ 75 ಸಾಲು. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಎಂದರೂ ಬಾಲ 110 ಮೀಟರ್ ದೂರದಲ್ಲಿರುತ್ತದೆ. ಸದ್ದು ಅಲ್ಲಿಗೆ ಮುಟ್ಟಲು ಸೆಕೆಂಡಿನ ಮೂರನೇ ಒಂದು ಪಾಲು, ಅವರ ಉತ್ತರ ಮರಳಲು ಮತ್ತಷ್ಟೇ. ಮುಂದಿನವರು ಕಾಯದೆ ಎರಡನೇ ಸಾಲು ಎತ್ತಿದರೆ ಎಲ್ಲ ಕಲಸಿ ಬರೀ ಗದ್ದಲ. ನಾಲ್ಕೈದು ಪದ ಹೇಳಿ, ಒಂದು ಉಸಿರು ಬಿಟ್ಟು, ಮುಂದಿನದು ಹೇಳಿ. 300 ದಾಟಿದರೆ ಎರಡನೇ ಮೆಗಾಫೋನ್ ಬೇಕು. ಅದು ಹಿಂಭಾಗದಲ್ಲಿರಲಿ, ಅದರ ಮುಖ್ಯ ಕೆಲಸ ಘೋಷಣೆಯಲ್ಲ, ದಾರಿ ಹೇಳುವುದು.

ಕೀಂ ಎಂಬ ಚೀರಾಟ ಈ ಮಾದರಿಯ ದೊಡ್ಡ ಕಾಟ. ಕೂಗುವವರು ಜನರತ್ತ ತಿರುಗಿದೊಡನೆ ಹಾರ್ನ್ ಜರುಗಿ, ಅದರ ಸದ್ದು ಮೈಕಿಗೇ ಮರಳಿ ಹೊಕ್ಕು ಚೀರುತ್ತದೆ. ತಿರುಗುವ ಮೊದಲು ಮೈಕಿನ ಗುಂಡಿಯಿಂದ ಬೆರಳು ತೆಗೆಯುವ ಅಭ್ಯಾಸವೇ ಮದ್ದು. ಕಿರಿದಾದ ಗಲ್ಲಿ, ಸೇತುವೆಯ ಅಡಿ ಬಂದಾಗ ವಾಲ್ಯೂಮ್ ಕಾಲುಭಾಗ ಇಳಿಸಿ. ಗುಂಡಿ ಒತ್ತಿದರೆ ಮಾತ್ರ ಮಾತು ಹೊರಡಬೇಕು. ಒಮ್ಮೆ ಒತ್ತಿದರೆ ಹಾಗೇ ನಿಲ್ಲುವ ಲಾಕ್ ಇರುವ ಮೈಕ್ ಬೇಡ. ಪಕ್ಕದವಳ ಹೆಸರು, ಮನೆಯ ವಿಳಾಸ, ಫೋನ್ ನಂಬರ್ ಎಲ್ಲ ಬೀದಿಗೆಲ್ಲ ಕೇಳಿಸಿಬಿಡುತ್ತದೆ.

ಸೈರನ್ ಗುಂಡಿ ಮಾತಿನ ಗುಂಡಿಯ ಪಕ್ಕದಲ್ಲೇ ಇದ್ದರೆ ಆ ಮಾದರಿಯನ್ನು ಮುಟ್ಟಬೇಡಿ. ಕತ್ತಲಲ್ಲಿ ಬೆರಳು ತಪ್ಪಿ ಸೈರನ್ ಮೊಳಗಿದರೆ ಜನ ಆಂಬುಲೆನ್ಸೋ ಪೊಲೀಸೋ ಎಂದು ಬೆಚ್ಚಿ ಎರಡೂ ಬದಿಗೆ ನುಗ್ಗುತ್ತಾರೆ, ಅಂಚಿನಲ್ಲಿದ್ದವರು ಕಾಲ್ತುಳಿತಕ್ಕೆ ಸಿಗುತ್ತಾರೆ. ಈಗಾಗಲೇ ಕೊಂಡಿದ್ದರೆ ಗುಂಡಿಯ ಮೇಲೆ ಬಾಟಲಿಯ ಮುಚ್ಚಳ ಕವುಚಿ ಗಟ್ಟಿ ಟೇಪ್ ಸುತ್ತಿ. ಅಪಾಯದ ಹೊತ್ತಿನಲ್ಲಿ ಸೈರನ್ ಬೇಕಲ್ಲವೇ ಎನ್ನುವವರಿದ್ದಾರೆ. ಯಾವ ಕಡೆ ಹೋಗಬೇಕೆಂದು ಅದು ಹೇಳುವುದಿಲ್ಲ. "ನಿಲ್ಲಿ. ಎಲ್ಲರೂ ಎಡಕ್ಕೆ ಬನ್ನಿ" ಎಂಬ ಮಾತು ಹೇಳುತ್ತದೆ.

ಸೆಲ್‌ಗಳ ವಿಷಯಕ್ಕೆ ಬಂದರೆ, ಆಲ್ಕಲೈನ್ ಎಂಟು ಸೇರಿ 12 ವೋಲ್ಟ್, ಚಾರ್ಜ್ ಮಾಡುವ ನಿಕಲ್ ಸೆಲ್ ಎಂಟು ಸೇರಿ 9.6. ಸದ್ದಿನಲ್ಲಿ ಎರಡೇ ಡೆಸಿಬೆಲ್ ಕಮ್ಮಿ, ಹೆದರದೆ ಬಳಸಿ, ಹಿಂದಿನ ದಿನ ಪೂರ್ತಿ ಚಾರ್ಜ್ ಆಗಿರಲಿ. ಹಳೆಯದು ಹೊಸದು ಬೆರೆಸಬೇಡಿ. ಎಂಟೂ ಒಂದೇ ಸರಪಳಿಯಲ್ಲಿರುವುದರಿಂದ ಒಂದು ಸತ್ತರೆ ಎಲ್ಲವೂ ಸತ್ತಂತೆ. ಗಟ್ಟಿಯಾಗಿ ಹೇಳಿದ ಅಕ್ಷರ ಮಾತ್ರ ಒಡೆದು ಕೇಳಿಸತೊಡಗಿದರೆ ಸೆಲ್ ಮುಗಿಯುತ್ತಿದೆ ಎಂದರ್ಥ. ಸ್ಪ್ರಿಂಗ್ ಇರುವ ಕಡೆ ಸೆಲ್ಲಿನ ಚಪ್ಪಟೆ ತಳ ಬರುತ್ತದೆ, ಸ್ಪ್ರಿಂಗ್ ಇಲ್ಲದ ಕಡೆ ಮೊದಲೇ ಬಿಳಿ ಬಣ್ಣದ ಚುಕ್ಕಿ ಇಟ್ಟುಬಿಡಿ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ವಿನೆಗರ್ ಅಥವಾ ನಿಂಬೆರಸ ತೋಯಿಸಿದ ಹತ್ತಿಯಿಂದ ಒರೆಸಿ, ಒಣಗಿಸಿ. ಒಳಗೇ ಲಿಥಿಯಂ ಬ್ಯಾಟರಿ ಇರುವ ಮಾದರಿ ಹಗುರ, ನಿಜ, ಆದರೆ ನಡುದಾರಿಯಲ್ಲಿ ಮುಗಿದರೆ ಕತೆ ಮುಗಿಯಿತು. ಬ್ಲೂಟೂತ್, ಹಾಡು, ರೆಕಾರ್ಡಿಂಗ್ ಯಾವುದೂ ಬೇಕಿಲ್ಲ.

ಕೊಳ್ಳುವಾಗ ಮಾತಾಡುತ್ತಲೇ ಮೈಕಿನ ಬುಡದ ವೈರನ್ನು ಅಲ್ಲಾಡಿಸಿ ನೋಡಿ. ಚರಚರ ಬಂದರೆ ವಾಪಸ್ ಕೊಡಿ, ಮೊದಲು ಕಿತ್ತುಬರುವುದು ಆ ಜಾಗವೇ. ಮೆರವಣಿಗೆಗೆ ಅನುಮತಿ ಸಿಕ್ಕಿದರೆ ರಾತ್ರಿ ಧ್ವನಿವರ್ಧಕಕ್ಕೂ ಸಿಕ್ಕಿತೆಂದುಕೊಳ್ಳಬೇಡಿ, ಅದನ್ನು ಬೇರೆಯಾಗಿ ಕೇಳಿ. ಆಸ್ಪತ್ರೆಯ ಮುಂದೆ ಆರಿಸಿ, ಫಲಕ ಎತ್ತಿ ಮೌನವಾಗಿ ದಾಟಿ.

ಎರಡನೇ ಸೆಟ್ ಸೆಲ್‌ಗಳನ್ನು ಘೋಷಣೆಗೆ ಖರ್ಚು ಮಾಡಬೇಡಿ. ನಾಲ್ಕು ನಾಲ್ಕಾಗಿ ರಬ್ಬರ್ ಬ್ಯಾಂಡ್ ಹಾಕಿ ಬಟ್ಟೆ ಚೀಲದಲ್ಲಿ ಎತ್ತಿಡಿ, ಕೀಲಿಕೈ ಚಿಲ್ಲರೆಯ ಜೊತೆ ಬೇಡ. ಮೆರವಣಿಗೆ ಚದುರುವ ಹೊತ್ತಿನಲ್ಲಿ ಅವು ಬೇಕಾಗುತ್ತವೆ. ಜನ ತೆಳುವಾಗಿ, ಒಬ್ಬೊಬ್ಬರೇ ಕತ್ತಲಿಗೆ ಇಳಿಯುವುದು ಆಗಲೇ. ಬಸ್ಸಿಗೆ ಹೋಗುವವರು ಈ ಕಡೆ ಸೇರಿ, ನಡೆದು ಹೋಗುವವರು ಆ ಕಡೆ, ಮೂವರಾಗದೆ ಯಾರೂ ಹೊರಡಬೇಡಿ ಎಂದು ಹೆಸರು ಹಿಡಿಯದೆ, ನಿಧಾನವಾಗಿ, ಎರಡೆರಡು ಸಲ ಹೇಳಿ. ಕೊನೆಯ ಗುಂಪು ಹೊರಡುವವರೆಗೂ ಮೆಗಾಫೋನ್ ಆರಿಸಬೇಡಿ.