11 ತಿಂಗಳು ಬಳಸಿದ ಉದ್ಯೋಗದ ಆ್ಯಪ್: ಕೆಳಗಡೆ ಅಡಗಿದ್ದ ಆ ಒಂದು ಫಿಲ್ಟರ್

ನಾನು ಬಿ.ಕಾಂ. ಮುಗಿಸಿದ್ದು 2024ರಲ್ಲಿ. ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ರಿಸಲ್ಟ್ ಬಂದ ವಾರವೇ ಈ ಆ್ಯಪ್ ಹಾಕಿಕೊಂಡೆ, 11 ತಿಂಗಳು ಬಿಡದೆ ಬಳಸಿದೆ. ಹೆಸರು ಬರೆಯುತ್ತಿಲ್ಲ. ಮುಂದೆ ಹೇಳುವ ತೊಂದರೆ ಬೇರೆ ಆ್ಯಪ್‌ಗಳಲ್ಲೂ ಇದೆ ಎಂದು ಜೊತೆಯಲ್ಲಿ ಓದಿದವರು ಹೇಳಿದರು. ಪ್ರೊಫೈಲ್ ತುಂಬೋದು, ರೆಸ್ಯೂಮೆ ಹಾಕೋದು ನಿಮಗೆಲ್ಲ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂರುತ್ತಿದ್ದೆ. ಒಳಗೆ ನೆಟ್‌ವರ್ಕ್ ಸಿಗಲ್ಲ. ಪ್ರೊಫೈಲಿನ ಮೇಲಿನ ಸಾಲಿನಲ್ಲಿ ‘ಟ್ಯಾಲಿ, ಜಿಎಸ್‌ಟಿ’ ಎಂದಿದ್ದನ್ನು ‘ಜಿಎಸ್‌ಟಿ, ಟ್ಯಾಲಿ’ ಎಂದು ತಿದ್ದಿ ಸೇವ್ ಮಾಡೋದು (ಟ್ಯಾಲಿ ಎಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್). ಮರುದಿನ ಮತ್ತೆ ಮೊದಲಿನಂತೆ. ಈಚೆಗೆ ತಿದ್ದಿದ ಪ್ರೊಫೈಲ್ ಕಂಪನಿಯವರಿಗೆ ಮೊದಲು ಕಾಣುತ್ತದೆ ಎಂದು ಸೀನಿಯರ್ ಅಕ್ಕ ಒಬ್ಬರು ಹೇಳಿಕೊಟ್ಟಿದ್ದರು. “ಏನ್ ಮಗ, ದಿನಾ ಅದನ್ನೇ ತಿದ್ತೀಯಲ್ಲ” ಎಂದು ಅವ್ವ ಕೇಳುತ್ತಿದ್ದಳು. ಆದರೆ ತಿದ್ದಿದ ದಿನವೇ ‘ನಿಮ್ಮ ಪ್ರೊಫೈಲ್ ನೋಡಿದ್ದಾರೆ’ ಎಂದು ಬರುತ್ತಿತ್ತು. ಅಷ್ಟು ಬಂದರೂ ಆ ದಿನ ಮನಸ್ಸು ಹಗುರ.

ಈಗ ತೊಂದರೆಗೆ ಬರುತ್ತೇನೆ. ‘ಫ್ರೆಶರ್, ಮೈಸೂರು, ಅಕೌಂಟ್ಸ್’ ಎಂದು ಹುಡುಕಿ ಅಪ್ಲೈ ಮಾಡಿದರೆ ಫೋನ್ ಬರುತ್ತಿದ್ದುದು ಕಂಪನಿಯಿಂದ ಅಲ್ಲ, ಕೆಲಸ ಕೊಡಿಸುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳಿಂದ. “ಆಫೀಸಿಗೆ ಬಂದು ರಿಜಿಸ್ಟರ್ ಮಾಡ್ಕೊಳ್ಳಿ” ಎನ್ನುತ್ತಿದ್ದರು. ಮೊದಲ ಆರು ತಿಂಗಳಲ್ಲಿ ನಾಲ್ಕು ಸಲ ಮೈಸೂರಿಗೆ ಹೋಗಿ ಬಂದೆ. ಶಕ್ತಿ ಯೋಜನೆ ಇರೋದರಿಂದ ಆಧಾರ್ ತೋರಿಸಿದರೆ ನನಗೆ ಸೊನ್ನೆ ಟಿಕೆಟ್. ನನ್ನ ಕ್ಲಾಸಿನ ಹುಡುಗರು ಹೀಗೆ ಓಡಾಡೋಕೆ ಪ್ರತಿ ಸಲ ಕೈಯಿಂದ ದುಡ್ಡು ಹಾಕಿದ್ದಾರೆ.

ಮೂರನೇ ಸಲ ಹೋದ ಕಡೆ 1,500 ರೂಪಾಯಿ ಫೀಸ್ ಕೇಳಿದರು. ಅಪ್ಪ ಡೈರಿ ಬಟವಾಡೆಯಿಂದ ತೆಗೆದುಕೊಟ್ಟಿದ್ದ ದುಡ್ಡು ಬ್ಯಾಗಿನಲ್ಲಿತ್ತು. ಕೊಟ್ಟುಬಿಟ್ಟೆ. ಅವರು ಕಳಿಸಿದ್ದು ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಮಾರುವ ಕೆಲಸಕ್ಕೆ. ಬೇಡ ಎಂದೆ, ಆಮೇಲೆ ಅವರು ಫೋನ್ ಎತ್ತಲೇ ಇಲ್ಲ. ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಮಾತಾಡಲು ಆಗಲಿಲ್ಲ. ಸರಿಯಾದ ಕನ್ಸಲ್ಟೆನ್ಸಿಗೆ ಸಾಮಾನ್ಯವಾಗಿ ದುಡ್ಡು ಕೊಡೋದು ಕಂಪನಿ, ಕೆಲಸ ಕೇಳಿಕೊಂಡು ಹೋದವರಲ್ಲ. ಇದನ್ನು ಆ್ಯಪ್ ಮೊದಲ ದಿನವೇ ದೊಡ್ಡದಾಗಿ ತೋರಿಸಬೇಕಿತ್ತು ಅಲ್ವಾ? ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿ ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಏಳನೇ ತಿಂಗಳಲ್ಲಿ ಒಂದು ದಿನ ಫಿಲ್ಟರ್ ತೆರೆದು ಸುಮ್ನೆ ಕೆಳಗೆ ಎಳೆಯುತ್ತಾ ಹೋದೆ. ಸಂಬಳ, ವಿದ್ಯಾಭ್ಯಾಸ, ಇಲಾಖೆ ಎಲ್ಲ ದಾಟಿದ ಮೇಲೆ ಎರಡು ಚೌಕ ಕಂಡವು: ‘ಕಂಪನಿ ಹಾಕಿದ ಕೆಲಸ’, ‘ಕನ್ಸಲ್ಟೆಂಟ್ ಹಾಕಿದ ಕೆಲಸ’. ಮೊದಲನೆಯದಕ್ಕೆ ಗುರುತು ಹಾಕಿದೆ. ನೂರರ ಮೇಲಿದ್ದ ಪಟ್ಟಿ 14ಕ್ಕೆ ಇಳಿಯಿತು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಆಮೇಲೆ ನಂಜನಗೂಡು ಕಡೆಯ ಫ್ಯಾಕ್ಟರಿಗಳು. ಬೇಡದ ಫೋನ್‌ಗಳು ಆ ವಾರದಿಂದಲೇ ಕಡಿಮೆಯಾದವು. ಅಲ್ಲಿಯವರೆಗೆ ಈ ಆ್ಯಪ್ ತೆಗೆದುಹಾಕಬೇಕು ಅಂದುಕೊಂಡಿದ್ದವಳು ಮತ್ತೆ ನಂಬಿ ಕೂತೆ.

ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ಯಾಕೇಜ್ ನಾನು ಮುಟ್ಟಲಿಲ್ಲ. ಆಗ ನನ್ನ ಕೈಯಲ್ಲಿ ಇದ್ದದ್ದು ರಾಜ್ಯ ಸರ್ಕಾರದ ಯುವನಿಧಿಯ ತಿಂಗಳ 3,000 ರೂಪಾಯಿ ಮಾತ್ರ. ಪದವಿ ಮುಗಿದು 180 ದಿನ ಕೆಲಸ ಸಿಗದವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ನಾನು ಆ ದುಡ್ಡನ್ನು ಟ್ಯಾಲಿ ಕ್ಲಾಸಿಗೆ ಕಟ್ಟಿದೆ, ಅದೇ ಕೊನೆಗೆ ಕೈ ಹಿಡಿಯಿತು. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ನ್ಯಾಷನಲ್ ಕೆರಿಯರ್ ಸರ್ವೀಸ್ ಪೋರ್ಟಲ್‌ನಲ್ಲೂ ಹೆಸರು ಹಾಕಿಡಿ. ಫೀಸ್ ಇಲ್ಲ, ಉದ್ಯೋಗ ಮೇಳಗಳ ವಿಷಯವೂ ಅಲ್ಲಿ ಸಿಗುತ್ತದೆ.

ಹತ್ತನೇ ತಿಂಗಳಲ್ಲಿ ಹೆಬ್ಬಾಳದ ಒಂದು ಫ್ಯಾಕ್ಟರಿಯಿಂದ ನೇರವಾಗಿ ಕರೆ ಬಂತು. ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು, ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು, ಅಲ್ಲಿಂದ ಇನ್ನೊಂದು ಬಸ್ಸು. ಕಂಪ್ಯೂಟರ್ ಮುಂದೆ ಕೂರಿಸಿ ಮೂರು ಖರೀದಿ ಬಿಲ್ ಎಂಟ್ರಿ ಮಾಡಿ ತೋರಿಸಿ ಎಂದರು. ಅಷ್ಟೇ ಪರೀಕ್ಷೆ. ಒಂದು ರೂಪಾಯಿ ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಸೇರಿಕೊಂಡೆ, ಸಂಬಳ 15,000. ದಿನಾ ಮಂಡ್ಯದಿಂದ ಓಡಾಡುತ್ತೇನೆ. ಸುಸ್ತಾಗುತ್ತದೆ, ಆದರೂ ಖುಷಿಯಿದೆ.

5ಕ್ಕೆ 3 ಸ್ಟಾರ್. ಕೆಲಸ ಕೊಡಿಸಿದ್ದು ಈ ಆ್ಯಪೇ, ಅದನ್ನು ಮರೆಯೋದಿಲ್ಲ. ಎರಡು ಸ್ಟಾರ್ ಕಡಿಮೆ ಮಾಡಿದ್ದು ಆ ಚೌಕವನ್ನು ಅಷ್ಟು ಕೆಳಗೆ ಇಟ್ಟಿದ್ದಕ್ಕೆ. ದಯವಿಟ್ಟು ಅದನ್ನು ಮೊದಲ ಪುಟಕ್ಕೆ ತನ್ನಿ.

ಈ ವರ್ಷ ತಂಗಿಯ ಡಿಗ್ರಿಯೂ ಮುಗಿಯಿತು. ಮೊನ್ನೆ ಅವಳ ಫೋನಿಗೆ ಆ್ಯಪ್ ಹಾಕಿ, ಆ ಚೌಕಕ್ಕೆ ಗುರುತು ಹಾಕಿದ ಮೇಲೆಯೇ ಫೋನ್ ವಾಪಸ್ ಕೊಟ್ಟೆ.